ಹಗುರ ವಿಮಾನಕ್ಕೆ ದೇಸಿ ನಕ್ಷೆ ಬರೆದ ಡಾ. ವಿ.ಎಂ. ಘಾಟಗೆ

ಶಿವಮೊಗ್ಗ ಸಮೀಪದ ಸೋಗಾನೆ ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಂದಿನಿಂದ ಸಾಗರ, ಹೊಸನಗರ, ತೀರ್ಥಹಳ್ಳಿಯ ಜನರಿಗೆ ವಿಮಾನವೆಂಬುದು ಮೋಡದ ಮೇಲಿನ ಬಿಳಿಗೆರೆಯಾಗಿ ಉಳಿದಿಲ್ಲ. ಒಂದೆರಡು ಗಂಟೆಯ ರಸ್ತೆ ಪ್ರಯಾಣದಲ್ಲಿ ತಲುಪಬಹುದಾದ ವಾಹನ ಅದೀಗ.

ಹೀಗೆ ಬಂದು ಹೋಗುವ ಪ್ರತಿಯೊಂದು ವಿಮಾನದ ಮೈಮೇಲೂ ಕಿರುಬೆರಳಿನಷ್ಟೋ ಅಂಗೈಯಷ್ಟೋ ಇರುವ ಒಂದು ಆಂಟೆನಾ ಇರುತ್ತದೆ. ನೆಲದ ರಾಡಾರ್ ಕೇಂದ್ರ 1030 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಪ್ರಶ್ನೆ ಕಳುಹಿಸುತ್ತದೆ. ವಿಮಾನದೊಳಗಿನ ಟ್ರಾನ್ಸ್‌ಪಾಂಡರ್ ಎಂಬ ಪೆಟ್ಟಿಗೆ 1090 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. ಆ ಉತ್ತರದಲ್ಲಿ ನಾಲ್ಕು ಅಂಕಿಯ ಸಂಕೇತವೂ ವಿಮಾನದ ಎತ್ತರವೂ ಅಡಗಿರುತ್ತವೆ. ಸೊನ್ನೆಯಿಂದ ಏಳರವರೆಗಿನ ಅಂಕಿಗಳಷ್ಟೇ ಬಳಕೆಯಾಗುವುದರಿಂದ ಒಟ್ಟು 4096 ಸಂಕೇತಗಳು ಸಾಧ್ಯ. ದೊಡ್ಡ ವಿಮಾನಗಳಲ್ಲಿರುವ ಡಿಕ್ಕಿ ತಡೆ ಸಾಧನವೂ ಎದುರಿನ ವಿಮಾನದ ಟ್ರಾನ್ಸ್‌ಪಾಂಡರ್ ಉತ್ತರವನ್ನೇ ನಂಬಿಕೊಂಡಿದೆ. ಉತ್ತರ ಕೊಡದ ವಿಮಾನ ಅದರ ಪಾಲಿಗೆ ಇಲ್ಲದಂತೆಯೇ.

ಕಾರ್ಖಾನೆಯಿಂದ ಬರುವ ದೊಡ್ಡ ವಿಮಾನದಲ್ಲಿ ಈ ಆಂಟೆನಾ ಎಲ್ಲಿರಬೇಕೆಂಬುದು ಮೊದಲೇ ನಿರ್ಧಾರವಾಗಿರುತ್ತದೆ. ತಾವೇ ಕಟ್ಟಿಕೊಂಡ ಹಗುರ ವಿಮಾನಕ್ಕೋ, ಹಳೆಯ ಕ್ಲಬ್ ವಿಮಾನಕ್ಕೋ ಅದನ್ನು ಕೂರಿಸಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ವಿಮಾನದ ಮೈ ಯಾವುದರಿಂದ ಆಗಿದೆ ಎಂಬುದು. ಲೋಹದ್ದೋ, ಬಟ್ಟೆ ಹೊದಿಸಿದ ಉಕ್ಕಿನ ಕೊಳವೆಯದ್ದೋ, ಗಾಜಿನ ನಾರಿನದ್ದೋ? ಭಾರತದಲ್ಲಿ ಮೊದಲೆರಡು ಬಗೆಯ ಹಗುರ ವಿಮಾನಗಳಿಗೆ ರೂಪ ಕೊಟ್ಟ ತಂಡಗಳು ಬೆಂಗಳೂರಿನಲ್ಲಿದ್ದವು. ಆ ತಂಡಗಳ ಮುಂದಾಳು ಡಾ. ವಿಷ್ಣು ಮಾಧವ ಘಾಟಗೆ. ಹಿಂದೂಸ್ಥಾನ್ ಏರೋನಾಟಿಕ್ಸ್‌ನ ಆವರಣದಲ್ಲಿ ಅವರ ಹೆಸರಿನ ಸಭಾಭವನವಿದೆ. ಅದರಾಚೆ ಅವರ ಬದುಕಿನ ವಿವರ ತಿಳಿದವರು ಕಡಿಮೆ.

ಘಾಟಗೆಯವರು ಜನಿಸಿದ್ದು 1908ರಲ್ಲಿ, ಆಗಿನ ಕೊಲ್ಹಾಪುರ ಸಂಸ್ಥಾನದ ಹಸೂರಚಂಪು ಎಂಬ ಹಳ್ಳಿಯಲ್ಲಿ. ಊರು ಗಡಹಿಂಗ್ಲಜ ಸೀಮೆಗೆ ಸೇರಿದ್ದು. ಬೆಳಗಾವಿ ಜಿಲ್ಲೆಯ ಸಂಕೇಶ್ವರ ಅಲ್ಲಿಗೆ ದೂರವಲ್ಲ. ಮರಾಠಿ ಮತ್ತು ಕನ್ನಡ ಎರಡೂ ಸಂತೆಯಲ್ಲಿ ಕೇಳಿಬರುವ ಗಡಿನಾಡು ಅದು. ಮುಂಬೈ ವಿಶ್ವವಿದ್ಯಾಲಯದಲ್ಲಿ ವಿಜ್ಞಾನದ ಪದವಿಗಳನ್ನು ಮುಗಿಸಿದ ಅವರು ಉನ್ನತ ವ್ಯಾಸಂಗಕ್ಕೆ ಜರ್ಮನಿಯ ಗಟಿಂಗೆನ್ ನಗರಕ್ಕೆ ತೆರಳಿದರು.

ಗಟಿಂಗೆನ್‌ನಲ್ಲಿ ಅವರಿಗೆ ಗುರುವಾಗಿ ದೊರೆತವರು ಲುಡ್ವಿಗ್ ಪ್ರಾಂಟ್ಲ್. ಹರಿಯುವ ಗಾಳಿ ಘನವಸ್ತುವಿನ ಮೈಗೆ ತಾಗುವಲ್ಲಿ ತೀರ ತೆಳುವಾದ ಒಂದು ಪದರದಲ್ಲಿ ಮಾತ್ರ ಅಂಟುತನದ ಆಟ ನಡೆಯುತ್ತದೆ ಎಂಬ ಸೀಮಾಪದರ ಸಿದ್ಧಾಂತವನ್ನು 1904ರಲ್ಲಿ ಮುಂದಿಟ್ಟವರು ಅವರು. ಆಧುನಿಕ ವಾಯುಚಲನ ಶಾಸ್ತ್ರ ಆ ಸಿದ್ಧಾಂತದ ಮೇಲೆ ನಿಂತಿದೆ. ಪ್ರಾಂಟ್ಲ್ ಅವರ ಮಾರ್ಗದರ್ಶನದಲ್ಲಿ ಘಾಟಗೆ 1936ರಲ್ಲಿ ಡಾಕ್ಟರೇಟ್ ಪಡೆದರು. ಪ್ರಾಂಟ್ಲ್ ಪರಂಪರೆ ಬೆಂಗಳೂರಿಗೆ ಎರಡು ದಾರಿಯಲ್ಲಿ ಬಂದಿತೆನ್ನಬೇಕು. ಒಂದು, ಗಟಿಂಗೆನ್‌ನಿಂದ ನೇರವಾಗಿ ಘಾಟಗೆಯವರ ಮೂಲಕ. ಇನ್ನೊಂದು, ಪ್ರಾಂಟ್ಲ್ ಶಿಷ್ಯ ಫಾನ್ ಕಾರ್ಮಾನ್ ಕಟ್ಟಿದ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಓದಿ ಬಂದ ಸತೀಶ್ ಧವನ್ ಅವರ ಮೂಲಕ. ಎರಡನೆಯವರ ಹೆಸರು ಶಾಲಾ ಮಕ್ಕಳಿಗೂ ಗೊತ್ತು. ಮೊದಲನೆಯವರಿಗೆ ಆ ಭಾಗ್ಯ ದಕ್ಕಲಿಲ್ಲ.

ಡಾಕ್ಟರೇಟ್ ಪಡೆದು ಮರಳಿದ ತರುಣನಿಗೆ ಕೆಲಸ ಮಾಡಲು ಭಾರತದಲ್ಲಿ ಒಂದಾದರೂ ವಿಮಾನ ಕಾರ್ಖಾನೆ ಇರಲಿಲ್ಲ. ಆ ಕೊರತೆ ನೀಗಿದ್ದು 1940ರ ಡಿಸೆಂಬರ್‌ನಲ್ಲಿ. ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಯೋಗದೊಂದಿಗೆ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಒತ್ತಾಸೆ ಇದಕ್ಕಿತ್ತು. ತಾಂತ್ರಿಕ ನೆರವು ಅಮೆರಿಕದ ವಿಲಿಯಂ ಪಾಲಿಯವರದು. ಆರಂಭದ ದಿನಗಳಲ್ಲೇ ಘಾಟಗೆ ಅಲ್ಲಿಗೆ ಬಂದು ಸೇರಿದರು.

ಯುದ್ಧಕಾಲದ ಆ ಕಾರ್ಖಾನೆಯ ಮುಖ್ಯ ಕಸುಬು ಪರದೇಶದ ವಿಮಾನಗಳ ಬಿಡಿಭಾಗ ಜೋಡಿಸುವುದು, ಕೆಟ್ಟುಬಂದ ವಿಮಾನಗಳನ್ನು ರಿಪೇರಿ ಮಾಡುವುದು. ಹಾರ್ಲೋ ತರಬೇತಿ ವಿಮಾನ, ಕರ್ಟಿಸ್ ಹಾಕ್, ಬಳಿಕ ಡಕೋಟಾ, ಕ್ಯಾಟಲಿನಾಗಳೆಲ್ಲ ಅಲ್ಲಿಗೆ ಬಂದು ಹೋದವು. ಸಾವಿರಾರು ಕೈಗಳಿಗೆ ವಿಮಾನದ ಕೆಲಸ ಕಲಿಸಿದ್ದು ಈ ರಿಪೇರಿಯೇ. ಆದರೆ ಇನ್ನೊಬ್ಬರು ಬರೆದ ನಕ್ಷೆಯಂತೆ ಮೊಳೆ ಹೊಡೆಯುವುದಕ್ಕೂ ನಕ್ಷೆಯನ್ನು ತಾವೇ ಬರೆಯುವುದಕ್ಕೂ ಇರುವ ಅಂತರ ದೊಡ್ಡದು. ಆ ಅಂತರವನ್ನು ದಾಟಲು ಘಾಟಗೆಯವರಿಗೆ ಸಿಕ್ಕ ಮೊದಲ ಅವಕಾಶ ಹತ್ತು ಆಸನಗಳ ಒಂದು ಗ್ಲೈಡರ್. ಸೈನಿಕರ ಸಾಗಣೆಗೆಂದು ಯುದ್ಧದ ಮಧ್ಯದಲ್ಲಿ ಸಿದ್ಧವಾದ, ಜಿ-1 ಎಂಬ ಹೆಸರಿನ ಆ ಎಂಜಿನ್‌ರಹಿತ ವಿಮಾನ ಒಂದೇ ಒಂದು ತಯಾರಾಯಿತು. ಸಾಲು ಉತ್ಪಾದನೆಗೆ ಹೋಗಲಿಲ್ಲ. ಇಲ್ಲೇ ರೂಪಿಸಿ ಇಲ್ಲೇ ಕಟ್ಟುವ ಕೆಲಸ ಆ ಕಾರ್ಖಾನೆಯಲ್ಲಿ ಹೀಗೆ ಶುರುವಾಯಿತು.

1942ರ ಡಿಸೆಂಬರ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಎಂಜಿನಿಯರಿಂಗ್ ವಿಭಾಗ ಆರಂಭವಾದಾಗ ಅದರ ಮುಖ್ಯಸ್ಥರಾದವರು ಘಾಟಗೆ. ಬೋಧಿಸುವವರಿಗೂ ಹೊಸದು, ಕಲಿಯುವವರಿಗೂ ಹೊಸದು ಎಂಬಂಥ ವಿಷಯ. ಕಾರ್ಖಾನೆಗೆ ಬೇಕಾದ ವಿನ್ಯಾಸಕಾರರನ್ನು ಕಾರ್ಖಾನೆಯಿಂದ ಹಲವು ಮೈಲಿ ದೂರದ ತರಗತಿಯಲ್ಲಿ ತಯಾರು ಮಾಡಿದ ವರ್ಷಗಳು ಅವು. 1948ರಲ್ಲಿ ಅವರು ಹಿಂದೂಸ್ಥಾನ್ ಏರ್‌ಕ್ರಾಫ್ಟ್‌ಗೆ ಮರಳಿ ಮುಖ್ಯ ವಿನ್ಯಾಸಕಾರರ ಹೊಣೆ ಹೊತ್ತರು. ಗುರುವಾಗಿದ್ದವರು ಮತ್ತೆ ಡ್ರಾಯಿಂಗ್ ಹಲಗೆಯ ಮುಂದೆ ಬಂದು ನಿಂತರು.

ಸ್ವತಂತ್ರ ಭಾರತದ ವಾಯುಪಡೆಗೆ ಆಗ ತುರ್ತಾಗಿ ಬೇಕಿದ್ದುದು ಹೊಸ ಪೈಲಟ್‌ಗಳಿಗೆ ಮೊದಲ ಪಾಠ ಹೇಳುವ ವಿಮಾನ. ಟೈಗರ್ ಮಾತ್ ಎಂಬ, ಎರಡು ಜೋಡಿ ರೆಕ್ಕೆಗಳ ಬಟ್ಟೆ ಹೊದಿಕೆಯ ಬ್ರಿಟಿಷ್ ವಿಮಾನ ಹಳೆಯದಾಗಿತ್ತು. ಅದರ ಸ್ಥಾನಕ್ಕೆ ಘಾಟಗೆ ತಂಡ ರೂಪಿಸಿದ್ದು ಎಚ್‌ಟಿ-2. ಪೂರ್ತಿ ಲೋಹದ ಮೈ, ಕೆಳಭಾಗದಲ್ಲಿ ಒಂದೇ ಜೋಡಿ ರೆಕ್ಕೆ, ಒಬ್ಬರ ಹಿಂದೆ ಒಬ್ಬರು ಕೂರುವ ಎರಡು ಆಸನ, ಮಡಚಲಾಗದ ಚಕ್ರಗಳು. ಮೊದಲ ಮಾದರಿ 1951ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಜಮ್‌ಶೆಡ್ ಮುನ್ಷಿ ಅವರ ಚಾಲನೆಯಲ್ಲಿ ಬೆಂಗಳೂರಿನ ಆಕಾಶಕ್ಕೇರಿತು. ಬಳಿಕ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್‌ನೊಂದಿಗೆ ಅದು ಸಾಲು ಉತ್ಪಾದನೆಗೆ ಹೋಯಿತು. ಒಟ್ಟು 150ಕ್ಕೂ ಹೆಚ್ಚು ತಯಾರಾದವು. 12 ವಿಮಾನಗಳು ಆಫ್ರಿಕದ ಘಾನಾ ದೇಶಕ್ಕೂ ಹೋದವು. ಭಾರತದ ವಾಯುಪಡೆಯ ಕೆಲವು ತಲೆಮಾರುಗಳು ಹಾರಲು ಕಲಿತದ್ದು ಇದರಲ್ಲೇ.

ತರಬೇತಿ ವಿಮಾನದ ವಿನ್ಯಾಸ ಯುದ್ಧ ವಿಮಾನಕ್ಕಿಂತ ಸುಲಭವೆಂದು ಭಾವಿಸುವವರಿದ್ದಾರೆ. ಹಾಗಲ್ಲ. ಕಲಿಯುವವನ ತಪ್ಪನ್ನು ಸಹಿಸಿಕೊಳ್ಳುವಷ್ಟು ಸಾಧುವಾಗಿರಬೇಕು, ತಪ್ಪು ಗೊತ್ತಾಗದಷ್ಟು ಸಾಧುವಾಗಿರಬಾರದು. ಎಂಜಿನ್ ಶಕ್ತಿ ಕಡಿಮೆಯಾದ್ದರಿಂದ ಪ್ರತಿ ಕಿಲೋ ತೂಕಕ್ಕೂ ಲೆಕ್ಕ ಕೊಡಬೇಕು. ಆ ತೂಕ ಮೂಗಿನಲ್ಲಿದೆಯೋ ಬಾಲದಲ್ಲಿದೆಯೋ ಎಂಬುದು ಇನ್ನೂ ಮುಖ್ಯ. ಬಾಲದ ಬಳಿ ಸಣ್ಣದೊಂದು ಪೆಟ್ಟಿಗೆ ಇಟ್ಟರೂ ಗುರುತ್ವ ಕೇಂದ್ರ ಹಿಂದಕ್ಕೆ ಸರಿದು ವಿಮಾನದ ಸ್ಥಿರತೆ ಕುಗ್ಗುತ್ತದೆ. ಹಗುರ ವಿಮಾನಕ್ಕೆ ಏನನ್ನೇ ಸೇರಿಸಲಿ, ಮತ್ತೆ ತೂಗಿ ಲೆಕ್ಕ ಹಾಕಬೇಕೆಂಬ ನಿಯಮದ ಮೂಲ ಇದೇ.

ಎಚ್‌ಟಿ-2 ಸೇನೆಯ ವಿಮಾನ. ಊರೂರಿನ ಹಾರಾಟ ಕ್ಲಬ್‌ಗಳಿಗೆ ಅದಕ್ಕಿಂತ ಅಗ್ಗದ್ದು, ರಿಪೇರಿಗೆ ಸುಲಭವಾದದ್ದು ಬೇಕಿತ್ತು. 1958ರ ಸೆಪ್ಟೆಂಬರ್‌ನಲ್ಲಿ ಹಾರಿದ ಪುಷ್ಪಕ್ ಆ ಬೇಡಿಕೆಗೆ ಘಾಟಗೆ ತಂಡದ ಉತ್ತರ. ಅಮೆರಿಕದ ಏರೋಂಕಾ ಚೀಫ್ ವಿಮಾನವನ್ನು ಬಹುಮಟ್ಟಿಗೆ ಹೋಲುವ ಇದರ ರೆಕ್ಕೆ ಮೇಲ್ಭಾಗದಲ್ಲಿದೆ. ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳ ಹಂದರಕ್ಕೆ ಬಟ್ಟೆ ಹೊದಿಸಿ ಮೈ ಮಾಡಲಾಗಿದೆ. ಇಬ್ಬರು ಅಕ್ಕಪಕ್ಕ ಕೂರುತ್ತಾರೆ. ಎಂಜಿನ್ 90 ಅಶ್ವಶಕ್ತಿಯದು. ಹೊಸತನದ ದೃಷ್ಟಿಯಿಂದ ನೋಡಿದರೆ ಪುಷ್ಪಕ್ ದೊಡ್ಡ ಸಾಹಸವಲ್ಲ. ಹಳೆಯ ದಾರಿಯಲ್ಲೇ ಜಾಣತನದಿಂದ ನಡೆದ ಕೆಲಸ ಅದು. ಆದರೆ ಬಟ್ಟೆ ಹರಿದರೆ ಹೊಲಿದು ಬಣ್ಣ ಬಳಿಯಬಹುದಾದ, ಕೊಳವೆ ಬಾಗಿದರೆ ಬೆಸೆಯಬಹುದಾದ ವಿಮಾನವೇ ಆ ಕಾಲದ ಕ್ಲಬ್‌ಗಳಿಗೆ ಹೊಂದುವಂಥದ್ದಾಗಿತ್ತು. ನಾಗರಿಕ ವಿಮಾನಯಾನದ ಅನೇಕ ಹಿರಿಯ ಪೈಲಟ್‌ಗಳ ಲಾಗ್ ಪುಸ್ತಕದ ಮೊದಲ ಪುಟಗಳಲ್ಲಿ ಈ ಹೆಸರಿದೆ.

ಪುಷ್ಪಕ್ ಹಾರಿದ ಕಾಲದಲ್ಲಿ ಕ್ಲಬ್ ವಿಮಾನಕ್ಕೆ ಟ್ರಾನ್ಸ್‌ಪಾಂಡರ್ ಯಾರೂ ಕೇಳುತ್ತಿರಲಿಲ್ಲ. ನಮ್ಮವರೋ ಶತ್ರುಗಳೋ ಎಂದು ಗುರುತಿಸಲು ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಬಳಕೆಗೆ ತಂದ ಉಪಕರಣ ನಾಗರಿಕ ಆಕಾಶಕ್ಕೆ ಬಂದದ್ದು ನಿಧಾನವಾಗಿ. ಭಾರತದಲ್ಲಿ ಅದರ ಮಹತ್ವ ಮನದಟ್ಟಾದದ್ದು ಭಾರಿ ಬೆಲೆ ತೆತ್ತ ಮೇಲೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಬಳಿ ಸೌದಿ ಅರೇಬಿಯಾ ಮತ್ತು ಕಜಕಸ್ತಾನದ ಎರಡು ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದು 349 ಮಂದಿ ಸತ್ತರು. ವಿಮಾನದ ಎತ್ತರವನ್ನು ತಾನಾಗಿ ತಿಳಿಯಬಲ್ಲ ರಾಡಾರ್ ಅಂದು ದೆಹಲಿಯ ನಿಯಂತ್ರಕರ ಬಳಿ ಬಳಕೆಯಲ್ಲಿರಲಿಲ್ಲ. ಪೈಲಟ್ ಬಾಯಿಮಾತಿನಲ್ಲಿ ತಿಳಿಸಿದ ಎತ್ತರವೇ ಆಧಾರವಾಗಿತ್ತು. ದುರಂತದ ನಂತರ ರಾಡಾರ್ ಬದಲಾಯಿತು, ಡಿಕ್ಕಿ ತಡೆ ಸಾಧನ ಕಡ್ಡಾಯವಾಯಿತು. ಜನನಿಬಿಡ ವಾಯುಪ್ರದೇಶದಲ್ಲಿ ಹಾರುವ ಸಣ್ಣ ವಿಮಾನಗಳಿಗೂ ಟ್ರಾನ್ಸ್‌ಪಾಂಡರ್ ಅನಿವಾರ್ಯವಾಗುತ್ತ ಬಂತು.

ಇಲ್ಲಿ ಘಾಟಗೆಯವರ ಎರಡು ವಿಮಾನಗಳು ಬೇರೆಬೇರೆಯಾಗಿ ವರ್ತಿಸುತ್ತವೆ. 1090 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 27.5 ಸೆಂಟಿಮೀಟರ್. ಟ್ರಾನ್ಸ್‌ಪಾಂಡರ್ ಆಂಟೆನಾ ಅದರ ಕಾಲುಭಾಗ, ಅಂದರೆ ಸರಿಸುಮಾರು ಏಳು ಸೆಂಟಿಮೀಟರ್ ಉದ್ದದ ಕಡ್ಡಿ. ಕಾಲುಭಾಗದ ಕಡ್ಡಿ ತಾನೊಂದೇ ಪೂರ್ಣ ಆಂಟೆನಾ ಅಲ್ಲ. ಉಳಿದರ್ಧ ಕೆಲಸವನ್ನು ಅದರ ಬುಡದಲ್ಲಿರುವ ಲೋಹದ ಹರವು ಮಾಡಬೇಕು. ತಂತ್ರಜ್ಞರು ಇದನ್ನು ಗ್ರೌಂಡ್ ಪ್ಲೇನ್ ಎನ್ನುತ್ತಾರೆ. ನಿಶ್ಚಲ ಕೆರೆಯಲ್ಲಿ ನಿಂತ ಕಂಬಕ್ಕೆ ನೀರೊಳಗೆ ಬಿಂಬ ಮೂಡುವಂತೆ ಕಡ್ಡಿಗೆ ಈ ಲೋಹದ ಹಾಳೆಯಲ್ಲಿ ಬಿಂಬ ಮೂಡುತ್ತದೆ. ಎರಡೂ ಸೇರಿ ಆಂಟೆನಾ ಪೂರ್ತಿಯಾಗುತ್ತದೆ. ಎಚ್‌ಟಿ-2ರಂಥ ಲೋಹದ ಮೈಯಲ್ಲಿ ಹೊಟ್ಟೆಯ ತಗಡಿಗೇ ರಂಧ್ರ ಕೊರೆದು, ಒಳಗಿನಿಂದ ಬಲಪಡಿಸಿ, ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗುವಂತೆ ಕೂರಿಸಿದರಾಯಿತು. ಪುಷ್ಪಕ್‌ನ ಬಟ್ಟೆಗೆ ಆ ಗುಣವಿಲ್ಲ. ಕೊಳವೆಗಳ ನಡುವೆ ಅಲ್ಯೂಮಿನಿಯಂ ತಗಡೊಂದನ್ನು ಬಿಗಿದು, ಅದರ ನಡುವೆ ಆಂಟೆನಾ ಕೂರಿಸಿ, ಕಡ್ಡಿ ಮಾತ್ರ ಬಟ್ಟೆಯಿಂದ ಹೊರಚಾಚುವಂತೆ ಮಾಡಬೇಕು. ತಗಡು ಕಡ್ಡಿಯ ಎಲ್ಲ ಬದಿಗೂ ಕನಿಷ್ಠ ಅಲೆಯ ಕಾಲುಭಾಗದಷ್ಟಾದರೂ ಹರಡಿರಬೇಕು. ತಯಾರಕರು ಸಾಮಾನ್ಯವಾಗಿ ಇನ್ನೂ ದೊಡ್ಡದನ್ನೇ ಕೇಳುತ್ತಾರೆ.

ಸ್ಥಳದ ಆಯ್ಕೆಗೂ ಕಾರಣಗಳಿವೆ. ಪ್ರಶ್ನೆ ಕೇಳುವ ರಾಡಾರ್ ನೆಲದಲ್ಲಿರುವುದರಿಂದ ಆಂಟೆನಾ ಹೊಟ್ಟೆಯ ಕೆಳಗೆ, ವಿಮಾನ ಸಮತಟ್ಟಾಗಿ ಹಾರುವಾಗ ನೆಟ್ಟಗೆ ನಿಲ್ಲಬೇಕು. ಚಕ್ರದ ಕಾಲುಗಳ ಹಿಂದೆ ಅಡಗಿದರೆ ಆ ದಿಕ್ಕಿಗೆ ನೆರಳು ಬೀಳುತ್ತದೆ. ಹೊಗೆಕೊಳವೆಯ ಸಾಲಿನಲ್ಲಿದ್ದರೆ ಎಣ್ಣೆಮಸಿ ಅಂಟಿ ಕಾರ್ಯ ಕುಂದುತ್ತದೆ. ಇತರ ಆಂಟೆನಾಗಳಿಂದ ದೂರವಿರಬೇಕು. ನೂರಾರು ವ್ಯಾಟ್ ಶಕ್ತಿಯ ಅತಿ ಕ್ಷಣಿಕ ಮಿಡಿತಗಳು ಹೊರಡುವ ಕಾರಣ ಆಸನದ ಅಡಿಗೆ ನೇರವಾಗಿ ಇಡುವುದೂ ಸಲ್ಲದು. ಪೆಟ್ಟಿಗೆಯಿಂದ ಆಂಟೆನಾಕ್ಕೆ ಹೋಗುವ ಕೇಬಲ್ ಉದ್ದವಾದಷ್ಟೂ ಶಕ್ತಿ ದಾರಿಯಲ್ಲೇ ಸೋರುತ್ತದೆ. ಮನೆಯ ಟಿ.ವಿ.ಗೆ ಎಳೆದಂತೆ ಸಿಕ್ಕಿದ ವೈರು ಎಳೆದರೆ ರಾಡಾರ್ ತೆರೆಯಲ್ಲಿ ವಿಮಾನ ಮಿನುಗಿ ಮಾಯವಾಗುತ್ತದೆ. ಇಷ್ಟಾದ ಮೇಲೂ ಹಳೆಯ ವಿಮಾನದಲ್ಲಿ ವಿದ್ಯುತ್ತಿನ ಪ್ರಶ್ನೆ ಉಳಿಯುತ್ತದೆ. ಈ ವರ್ಗದ ಹಳೆಯ ಎಂಜಿನ್‌ಗಳಲ್ಲಿ ಹಲವಕ್ಕೆ ಜನರೇಟರ್ ಇರುತ್ತಿರಲಿಲ್ಲ, ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ಚಾಲೂ ಮಾಡಬೇಕಿತ್ತು. ಬ್ಯಾಟರಿ ಸೇರಿಸಿದರೆ ಮತ್ತೆ ತೂಕ, ಮತ್ತೆ ಗುರುತ್ವ ಕೇಂದ್ರದ ಲೆಕ್ಕ. ಕೊನೆಗೆ ಅಧಿಕೃತ ಪರೀಕ್ಷೆ ಮತ್ತು ಅನುಮೋದನೆ.

ಮಲೆನಾಡಿನ ಮೇಲೆ ಹಾರುವ ಸಣ್ಣ ವಿಮಾನಕ್ಕೆ ಇದರ ಅಗತ್ಯ ಇನ್ನೂ ಹೆಚ್ಚು. ಈ ಅಲೆಗಳು ನೇರಗೆರೆಯಲ್ಲಿ ಸಾಗುತ್ತವೆ, ಬೆಟ್ಟವನ್ನು ಸುತ್ತಿ ಬರುವುದಿಲ್ಲ. 1343 ಮೀಟರ್ ಎತ್ತರದ ಕೊಡಚಾದ್ರಿಯ ಮರೆಯಲ್ಲೋ ಆಗುಂಬೆಯ ಅಂಚಿನ ಕಣಿವೆಯಲ್ಲೋ ಕೆಳಮಟ್ಟದಲ್ಲಿ ಹಾರುವ ವಿಮಾನ ಆಚೆ ಬದಿಯ ರಾಡಾರ್‌ಗೆ ಕಾಣುವುದಿಲ್ಲ. ತೆರೆದ ಆಕಾಶಕ್ಕೆ ಬಂದ ಕೂಡಲೇ ಉತ್ತರ ತಲುಪಬೇಕಾದರೆ ಆಂಟೆನಾದಲ್ಲಿ ಲೋಪ ಇರಕೂಡದು. ಮಳೆಗಾಲದಲ್ಲಿ ಲಿಂಗನಮಕ್ಕಿ ಹಿನ್ನೀರಿನ ಮೇಲೆ ಮೋಡ ಕವಿದು ಪೈಲಟ್‌ಗಳು ಒಬ್ಬರನ್ನೊಬ್ಬರು ಕಣ್ಣಿನಿಂದ ಕಾಣಲಾಗದ ದಿನಗಳಲ್ಲಂತೂ ಹೇಳುವುದೇ ಬೇಡ.

ಘಾಟಗೆಯವರ ಮುಂದಿನ ವರ್ಷಗಳ ಕೆಲಸ ಹೆಚ್ಚು ಪ್ರಸಿದ್ಧ. ಪುಷ್ಪಕ್‌ನಿಂದ ಬೆಳೆದ ಕೃಷಕ್ 1959ರಲ್ಲಿ ಹಾರಿ, ಭೂಸೇನೆಯ ವೀಕ್ಷಣಾ ವಿಮಾನವಾಯಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರನ್ನು ಸರ್ಕಾರ 1956ರಲ್ಲಿ ಕರೆಸಿಕೊಂಡು ಶಬ್ದಾತೀತ ಯುದ್ಧ ವಿಮಾನದ ಹೊಣೆ ಒಪ್ಪಿಸಿತು. ಮರುತ್ ಹೆಸರಿನ ಆ ವಿಮಾನ 1961ರ ಜೂನ್ 17ರಂದು ಹಾರಿತು. ತಕ್ಕ ಎಂಜಿನ್ ಕೊನೆಗೂ ಸಿಗದೆ, ಶಬ್ದದ ವೇಗವನ್ನು ಮೀರುವ ಕನಸು ಈಡೇರಲಿಲ್ಲ. ಹೊರಗಿನಿಂದ ಬಂದ ಖ್ಯಾತನಾಮರು ಮುಂದೆ ನಿಂತಾಗ ಒಳಗಿನ ವಿನ್ಯಾಸಕಾರರ ಹೆಸರು ಹಿಂದೆ ಸರಿಯುವುದು ಸಹಜ. ಆದರೆ ಟ್ಯಾಂಕ್ ಅವರ ನಕ್ಷೆಯನ್ನು ಲೋಹಕ್ಕಿಳಿಸಲು ಬೇಕಾದ ಭಾರತೀಯ ಕೈಗಳು ಎಚ್‌ಟಿ-2ರ ಕಾಲದಲ್ಲಿ ಪಳಗಿದಂಥವು ಎಂಬುದನ್ನು ಮರೆಯಲಾಗದು. ಇದೇ ಹೊತ್ತಿಗೆ ಘಾಟಗೆ ನೇತೃತ್ವದಲ್ಲಿ ರೂಪುಗೊಂಡ ಕಿರಣ್ ಜೆಟ್ ತರಬೇತಿ ವಿಮಾನ 1964ರ ಸೆಪ್ಟೆಂಬರ್ 4ರಂದು ಹಾರಿ, ದಶಕಗಳ ಕಾಲ ವಾಯುಪಡೆಯ ಸೇವೆಯಲ್ಲಿತ್ತು. 1965ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಹಗುರ ವಿಮಾನದ ಕತೆ ಮಾತ್ರ ಅಷ್ಟು ಸುಖಕರವಲ್ಲ. ಸೇನೆಯ ಜೆಟ್‌ಗಳಿಗೆ ಸಿಕ್ಕ ಹಣ ಮತ್ತು ಗಮನ ಕ್ಲಬ್ ವಿಮಾನಕ್ಕೆ ಸಿಗಲಿಲ್ಲ. ಪುಷ್ಪಕ್‌ಗೆ ತಕ್ಕ ಉತ್ತರಾಧಿಕಾರಿ ಅದೇ ಕಾರ್ಖಾನೆಯಿಂದ ಸಾಲುಸಾಲಾಗಿ ಹೊರಬರಲಿಲ್ಲ. ಎಂಜಿನ್ ಹೊರದೇಶದ್ದಾದ್ದರಿಂದ ಬಿಡಿಭಾಗಕ್ಕೂ ಹೊರಗೆ ಕೈಚಾಚಬೇಕಿತ್ತು. ಕ್ಲಬ್‌ಗಳು ಕ್ರಮೇಣ ಅಮೆರಿಕದ ಸೆಸ್ನಾಗಳಿಗೆ ಒಗ್ಗಿಕೊಂಡವು. 1950ರ ದಶಕದಲ್ಲಿ ಕೈಯಲ್ಲಿದ್ದ ಒಂದು ವಿದ್ಯೆಯನ್ನು ದೇಶ ಅರ್ಧಕ್ಕೆ ಬಿಟ್ಟಿತೆಂದೇ ಹೇಳಬೇಕಾಗುತ್ತದೆ.

ಅದನ್ನು ಮತ್ತೆ ಕೈಗೆತ್ತಿಕೊಂಡವರು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು. ಅಮೆರಿಕದ ಬರ್ಟ್ ರುಟಾನ್ ಅವರು ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳಿಗೆಂದು ರೂಪಿಸಿದ ಲಾಂಗ್-ಈಝಿ ವಿಮಾನವನ್ನು ಆಧರಿಸಿ ಅಲ್ಲಿನ ತಂಡ ಒಂದು ಸಂಶೋಧನಾ ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿತು. ಅದರ ಮೈ ಗಾಜಿನ ನಾರಿನ ಸಂಯುಕ್ತ ವಸ್ತುವಿನದು. ಆಂಟೆನಾದ ಲೆಕ್ಕ ಇಲ್ಲಿ ಮೂರನೆಯ ಬಗೆಯದಾಗುತ್ತದೆ. ಗಾಜಿನ ನಾರು ರೇಡಿಯೋ ಅಲೆಗಳನ್ನು ಬಿಟ್ಟುಕೊಡುವುದರಿಂದ ಆಂಟೆನಾವನ್ನು ಮೈಯೊಳಗೇ ಹುದುಗಿಸಬಹುದು, ಗಾಳಿಗೆ ಅಡ್ಡಿಯಿಲ್ಲ. ರುಟಾನ್ ಮಾದರಿಯ ವಿಮಾನಗಳಲ್ಲಿ ತಾಮ್ರದ ಪಟ್ಟಿಗಳನ್ನೇ ಪದರಗಳ ನಡುವೆ ಅಂಟಿಸಿ ರೇಡಿಯೋ ಆಂಟೆನಾ ಮಾಡುವ ರೂಢಿಯಿದೆ. ಟ್ರಾನ್ಸ್‌ಪಾಂಡರ್‌ಗೆ ಮಾತ್ರ ಒಳಗೊಂದು ಲೋಹದ ತಟ್ಟೆ ಇಡಲೇಬೇಕು. ಇಂಗಾಲದ ನಾರು ಬಳಸಿದಲ್ಲಿ ಈ ಸೌಲಭ್ಯವಿಲ್ಲ, ಅದು ಅಲೆಗಳನ್ನು ತಡೆಯುತ್ತದೆ.

ಎಚ್‌ಟಿ-2 ವಿಮಾನಗಳು 1980ರ ದಶಕದಲ್ಲಿ ಒಂದೊಂದಾಗಿ ನೆಲ ಸೇರಿದವು. ಅವುಗಳ ಜಾಗಕ್ಕೆ ಎಚ್‌ಪಿಟಿ-32 ಬಂತು. ನಿವೃತ್ತಿಯ ನಂತರವೂ ಬೆಂಗಳೂರಿನಲ್ಲೇ ನೆಲೆಸಿದ್ದ ಘಾಟಗೆ 1991ರಲ್ಲಿ ನಿಧನರಾದರು. ಪ್ರಯೋಗಾಲಯದ ಎರಡು ಆಸನಗಳ ಹಂಸ ವಿಮಾನ ಮೊದಲ ಬಾರಿ ಹಾರಿದ್ದು ಅದಾಗಿ ಎರಡು ವರ್ಷಗಳ ಮೇಲೆ, 1993ರ ನವೆಂಬರ್‌ನಲ್ಲಿ.